ಮಹಾಗನಿಯ ಕುಡಿಕೊರಕ ಹುಳು
ಮಹಾಗನಿ ಅಮೆರಿಕದಿಂದ ಬಂದ ಮರ. ಅದರ ಶತ್ರುವಾದರೋ ಈ ನಾಡಿನದೇ. ಬೇವಿನ ಕುಲದ ನೋಗೆಮರವನ್ನು ಪೀಡಿಸುವ ಹಿಪ್ಸಿಪೈಲಾ ರೊಬಸ್ಟಾ ಎಂಬ ಪತಂಗವು ಈ ಪರದೇಶದ ದಾಯಾದಿಯನ್ನೂ ಬಿಡದು. ಅದರ ಮರಿಹುಳು ಎಳೆಗುಡಿಯೊಳಗೆ ಸುರಂಗ ಕೊರೆಯುವುದು. ತುದಿ ಬಾಡಿ, ಬದಿಯಲ್ಲಿ ಹಲವು ಕವಲುಗಳೊಡೆದು, ಮರ ಬದುಕಿದರೂ ನೆಟ್ಟನೆಯ ದಿಮ್ಮಿ ದೊರೆಯದು. ಹುಳು ಒಳಹೊಕ್ಕ ತರುವಾಯ ಮೇಲೆ ಸಿಂಪಡಿಸಿದ ಔಷಧವು ಅದನ್ನು ಮುಟ್ಟಲಾರದು. ವಿಚಿತ್ರವೆಂದರೆ, ಅಮೆರಿಕದಲ್ಲಿ ನೆಟ್ಟ ನೋಗೆಯು ಅಲ್ಲಿಯ ಹಿಪ್ಸಿಪೈಲಾ ಗ್ರಾಂಡೆಲ್ಲಾದ ಮರಿಗಳಿಗೆ ವಿಷವೇ ಆಗಿದೆ. ಮಹಾಗನಿಗೆ ಇಲ್ಲಿ ಆ ಭಾಗ್ಯವಿಲ್ಲ. ಆದುದರಿಂದ ಕೋಗಿಲಿನಂತಹ ಬಿಸಿಲುಬಯಲಿನಲ್ಲಿ ಅದೊಂದನ್ನೇ ಸಾಲಾಗಿ ನೆಡುವುದಕ್ಕಿಂತ ಬೇರೆ ಮರಗಳ ನಡುವೆ, ಪಕ್ಕದ ನೆರಳಿನಲ್ಲಿ ಬೆಳೆಸುವುದು ಲೇಸು. ಬೆಳವಣಿಗೆ ತುಸು ನಿಧಾನವಾದೀತು. ಆ ನಷ್ಟ ತಾಳತಕ್ಕದ್ದೇ. ಹುಳು ತಗುಲಿದ ಕುಡಿಯನ್ನು ಕೂಡಲೆ ಕತ್ತರಿಸಿ ಸುಟ್ಟು, ಹೊಸ ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನು ಮಾತ್ರ ಉಳಿಸಬೇಕು.