ಕಾರ್ಪೆಟ್ ತೊಳೆಯೋ ವ್ಯಾನ್: ನೀರು ಕಾಯಿಸೋಕೆ ಯಾವ ಇಂಧನ?

ಅಮೆರಿಕದಲ್ಲಿ ಕಾರ್ಪೆಟ್ ತೊಳೆಯೋರು ಹಲವರು ವ್ಯಾನ್ ಸಮೇತ ಬರ್ತಾರೆ. ಯಂತ್ರ ವ್ಯಾನಲ್ಲೇ ಇರುತ್ತೆ, ಪೈಪು ಮಾತ್ರ ಮನೆಯೊಳಗೆ. ಯಾಕೆ ಗೊತ್ತಾ?

ತೊಳೆಯೋಕೆ ಬಿಸಿನೀರು ಬೇಕು. ನಿಮಿಷಕ್ಕೆ 4 ಲೀಟರ್ ನೀರಿನ ಬಿಸಿಯನ್ನ 50 ಡಿಗ್ರಿ ಸೆಲ್ಸಿಯಸ್ ಏರಿಸೋಕೆ ಸುಮಾರು 14 ಕಿಲೋವ್ಯಾಟ್ ಬೇಕು. ಅಲ್ಲಿನ ಮನೆಯ 15 ಆಂಪ್ ಪ್ಲಗ್ ಕೊಡೋದು 2 ಕಿಲೋವ್ಯಾಟಿಗೂ ಕಮ್ಮಿ!

ಹಾಗಾದ್ರೆ ದಾರಿ ಮೂರು.

ಒಂದು, ಎಂಜಿನ್ನಿನ ಶಾಖ. ಸೈಲೆನ್ಸರಿನಲ್ಲಿ ವ್ಯರ್ಥವಾಗೋ ಬಿಸಿಯೇ ನೀರು ಕಾಯಿಸುತ್ತೆ. ಬೇರೆ ಇಂಧನ ಬೇಡ. ಆದ್ರೆ ನೀರಿನ ಹರಿವು ಹೆಚ್ಚಿದ್ರೆ ಬಿಸಿ ಇಳಿಯುತ್ತೆ.

ಎರಡು, ಪ್ರೊಪೇನ್. ಬೇಗ ಕಾಯುತ್ತೆ, ಮಸಿ ಕಮ್ಮಿ. ಆದ್ರೆ ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ರೆ ವ್ಯಾನಿನ ನೆಲದಲ್ಲೇ ಕೂರುತ್ತೆ, ಒಂದು ಕಿಡಿ ಸಾಕು.

ಮೂರು, ಡೀಸೆಲ್ ಅಥವಾ ಸೀಮೆಎಣ್ಣೆ ಬರ್ನರ್. ಲೀಟರಿಗೆ ಪ್ರೊಪೇನಿನ ಸುಮಾರು ಒಂದೂವರೆಪಟ್ಟು ಶಾಖ. ಆದ್ರೆ ವಾಸನೆ ಉಂಟು, ನಾಜಲ್ ಕ್ಲೀನ್ ಮಾಡ್ತಾ ಇರಬೇಕು.

ಬರೀ ಮನೆ ಕೆಲಸಾನಾ? ಎಂಜಿನ್ ಶಾಖ ಸಾಕು. ಹೋಟೆಲು, ಆಫೀಸಲ್ಲಿ ಇಬ್ಬರು ಒಟ್ಟಿಗೆ ತೊಳೀತಾರಾ? ಬರ್ನರ್ ನೋಡಿ.

ಯಾವುದೇ ಆಗಲಿ, ಹೊಗೆ ಹೊರಗೆ ಹೋಗೋ ವ್ಯವಸ್ಥೆ ಇರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ.

ಕೊಳ್ಳೋ ಮುಂಚೆ ಉದ್ದದ ಪೈಪು ಪೂರ್ತಿ ಬಿಚ್ಚಿಸಿ, ನೀರು ಕಾರ್ಪೆಟಿಗೆ ಬೀಳೋ ತುದಿಯಲ್ಲೇ ಬಿಸಿ ಅಳೆಯಿರಿ. ಮೀಟರ್ ತೋರಿಸೋದು ಯಂತ್ರದ ಬಿಸಿ, ಕೊಳೆ ತೆಗೆಯೋದು ತುದಿಯ ಬಿಸಿ!