ರಸ್ತೆಯ ಪದಗಳನ್ನು ರಸ್ತೆಯಲ್ಲೇ ಕಲಿಯೋಣ

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಹೈವೇ, ಟ್ರಾಫಿಕ್, ಹಾರ್ಬರ್ ಎಂದರೆ ವ್ಯಾಖ್ಯೆಗಳ ಸುರಿಮಳೆ. ಸಬ್‌ಗ್ರೇಡ್, ಕ್ಯಾಂಬರ್, ಪಿಸಿಯು, ಬ್ರೇಕ್‌ವಾಟರ್... ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೂ ಒಂದು ಕಷ್ಟ. ಇಂಗ್ಲಿಷ್ ವಾಕ್ಯ ನೆನಪಿರುತ್ತದೆ, ವಸ್ತು ಕಣ್ಣಿಗೆ ಕಟ್ಟುವುದಿಲ್ಲ. ವೈವಾದಲ್ಲೋ ಜೂನಿಯರ್ ಎಂಜಿನಿಯರ್ ಪರೀಕ್ಷೆಯಲ್ಲೋ ಕಂಪನಿಯ ಸಂದರ್ಶನದಲ್ಲೋ ‘ಇದು ಏಕೆ ಬೇಕು?’ ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ.

ಇದಕ್ಕೆ ಮದ್ದು ನಮ್ಮ ಊರಿನಲ್ಲೇ ಇದೆ. ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರಕ್ಕೆ ಬಸ್ಸಿನ ಕಿಟಕಿ ಪಕ್ಕ ಕುಳಿತು ಹೋದರೆ ಅರ್ಧ ಪಠ್ಯಪುಸ್ತಕ ಕಣ್ಣೆದುರು ಹಾದುಹೋಗುತ್ತದೆ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಶಹಾಪುರ, ಸುರಪುರದ ಮೂಲಕವೇ ಸಾಗಿ ತಿಂಥಣಿ ಬಳಿ ಕೃಷ್ಣೆಯನ್ನು ದಾಟುತ್ತದೆ.

ನೆಲ ಮೊದಲು, ಡಾಂಬರು ಆಮೇಲೆ

ರಸ್ತೆಯ ತಳದಲ್ಲಿ ಒತ್ತಿ ಗಟ್ಟಿ ಮಾಡಿದ ಮಣ್ಣೇ ಸಬ್‌ಗ್ರೇಡ್. ಅದರ ಮೇಲೆ ಸಬ್‌ಬೇಸ್, ಬೇಸ್, ಕೊನೆಗೆ ಡಾಂಬರು. ಮೇಲಿನ ಪದರಗಳು ಭಾರವನ್ನು ಹರಡಿ ಕೆಳಗಿಳಿಸುತ್ತವೆ. ಕೊನೆಗೆ ಹೊರುವುದು ಮಣ್ಣು. ನಮ್ಮಲ್ಲಿ ಆ ಮಣ್ಣು ಬಹಳ ಕಡೆ ಎರೆ. ಹತ್ತಿ, ತೊಗರಿಗೆ ಬಂಗಾರದಂಥ ಎರೆಮಣ್ಣು ರಸ್ತೆಗೆ ಶತ್ರು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ.

ಮಣ್ಣಿನ ಈ ತಾಕತ್ತನ್ನು ಅಳೆಯುವುದೇ ಸಿಬಿಆರ್ ಪರೀಕ್ಷೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದರಿಂದ ಆ ಹೆಸರು. ಒಳ್ಳೆಯ ಜಲ್ಲಿಯ ತಾಕತ್ತನ್ನು 100 ಎಂದಿಟ್ಟುಕೊಂಡು ನಮ್ಮ ಮಣ್ಣು ಅದರಲ್ಲಿ ಎಷ್ಟು ಎಂದು ನೋಡುತ್ತಾರೆ. ಮಾದರಿಯನ್ನು 4 ದಿನ ನೀರಿನಲ್ಲಿ ನೆನೆಸಿಡುತ್ತಾರೆ. ನೆನೆದ ಎರೆಮಣ್ಣಿಗೆ ಸಾಮಾನ್ಯವಾಗಿ 2ರಿಂದ 4ರಷ್ಟೇ ಸಿಗುತ್ತದೆ. ಅದಕ್ಕೇ ಎರೆಯನ್ನು ತೆಗೆದು ಗರಸು ತುಂಬುವುದು, ಇಲ್ಲವೇ ಸುಣ್ಣ ಬೆರೆಸುವುದು. ಎರೆಹೊಲದ ನಡುವಿನ ರಸ್ತೆ ಅಲೆಅಲೆಯಾಗಿದ್ದರೆ ಡಾಂಬರನ್ನಷ್ಟೇ ಬೈಯಬೇಡಿ, ಕೆಳಗೆ ಏನಿದೆ ಎಂದೂ ಕೇಳಿ.

ರಸ್ತೆಯ ನಡುಭಾಗ ಸ್ವಲ್ಪ ಎತ್ತರವಾಗಿ, ಎರಡೂ ಅಂಚಿಗೆ ಇಳಿಜಾರಾಗಿರುವುದೇ ಕ್ಯಾಂಬರ್. 7 ಮೀಟರ್ ಅಗಲದ ಎರಡು ಪಥದ ರಸ್ತೆಗೆ ಶೇ 2ರ ಕ್ಯಾಂಬರ್ ಕೊಟ್ಟರೆ ನಡುಭಾಗ ಅಂಚಿಗಿಂತ 7 ಸೆಂಟಿಮೀಟರ್ ಎತ್ತರ. ಇಷ್ಟಿದ್ದರೆ ಸಾಕು, ನೀರು ನಿಲ್ಲುವುದಿಲ್ಲ. ನಿಂತರೆ ಅದು ಬಿರುಕಿನಲ್ಲಿ ಇಳಿದು ಎರೆಯನ್ನು ಮುಟ್ಟುತ್ತದೆ. ನೆನೆದ ಎರೆಯ ಕಥೆ ಮೇಲೆ ಹೇಳಿದ್ದೇ.

ಒಂದು ಬಂಡಿ, ಎಂಟು ಕಾರು

ಒಂದೇ ರಸ್ತೆಯಲ್ಲಿ ಬೈಕು, ಲಾರಿ, ಟ್ರ್ಯಾಕ್ಟರ್, ಎತ್ತಿನ ಬಂಡಿ ಎಲ್ಲವೂ ಓಡಾಡುವಾಗ ಸಂಚಾರವನ್ನು ಎಣಿಸುವುದು ಹೇಗೆ? ಅದಕ್ಕೆ ಪಿಸಿಯು ಎಂಬ ಅಳತೆ. ಕಾರು 1. ಹಳ್ಳಿಗಾಡಿನ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟ ಲೆಕ್ಕದಲ್ಲಿ ಬೈಕು 0.5, ಬಸ್ಸು ಅಥವಾ ಲಾರಿ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ದೊಡ್ಡ ಎತ್ತಿನ ಬಂಡಿ 8! ಬಂಡಿ ನಿಧಾನ, ಹಿಂದಿನವರೆಲ್ಲ ಕಾಯಬೇಕು. ಹತ್ತಿ ತುಂಬಿದ ಟ್ರ್ಯಾಕ್ಟರ್‌ ಹಿಂದೆ ಸಿಕ್ಕಿಕೊಂಡವರಿಗೆ ಈ ಅಂಕಿ ಸುಳ್ಳೆನಿಸದು.

ಜಾಗದ ಲೆಕ್ಕ ಬೇರೆ, ಪೆಟ್ಟಿನ ಲೆಕ್ಕ ಬೇರೆ. ರಸ್ತೆಗೆ ಬೀಳುವ ಪೆಟ್ಟನ್ನು ಅಚ್ಚಿನ ಭಾರದಿಂದ ಅಳೆಯುತ್ತಾರೆ. 80 ಕಿಲೋನ್ಯೂಟನ್, ಅಂದರೆ ಸುಮಾರು 8 ಟನ್ ಹೊತ್ತ ಒಂದು ಅಚ್ಚು ಪ್ರಮಾಣಿತ ಅಚ್ಚು. ಭಾರ ಎರಡರಷ್ಟಾದರೆ ಹಾನಿ ಎರಡರಷ್ಟಲ್ಲ, ಸುಮಾರು 16 ಪಟ್ಟು. ಇದೇ ನಾಲ್ಕನೇ ಘಾತದ ನಿಯಮ. ಮಿತಿಮೀರಿ ಮರಳು ಹೇರಿದ ಟಿಪ್ಪರ್‌ಗಳು ಓಡಿದ ರಸ್ತೆ ಬೇಗ ಹಾಳಾಗುವುದು ಇದರಿಂದಲೇ.

ಪ್ರಾಣಕ್ಕೆ ಸಂಬಂಧಿಸಿದ ಪದ ಸೈಟ್ ಡಿಸ್ಟೆನ್ಸ್, ಅಂದರೆ ಚಾಲಕನಿಗೆ ಮುಂದಿನ ರಸ್ತೆ ಕಾಣುವ ದೂರ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು 2.5 ಸೆಕೆಂಡ್ ಹಿಡಿಯುತ್ತಾರೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ಗಾಡಿ 55 ಮೀಟರ್ ಮುಂದೆ ಹೋಗಿರುತ್ತದೆ. ಪೂರ್ತಿ ನಿಲ್ಲಲು ಸುಮಾರು 120 ಮೀಟರ್ ಬೇಕು. ತಿರುವಿನಲ್ಲಿ ಬೆಳೆದ ಜಾಲಿ, ರಸ್ತೆ ಮೇಲೆ ಹಾಕಿದ ರಾಶಿ, ರಾತ್ರಿ ದೀಪವಿಲ್ಲದೆ ನಿಂತ ಟ್ರೇಲರ್ ಈ ದೂರವನ್ನು ಕಸಿದುಕೊಳ್ಳುತ್ತವೆ. ಬೈಕ್ ಓಡಿಸುವ ನಾವೆಲ್ಲ ಈ ಲೆಕ್ಕವನ್ನು ಅಂಕಕ್ಕಾಗಿ ಮಾತ್ರ ಕಲಿಯಬಾರದು.

ಸಮುದ್ರವಿಲ್ಲದ ಊರಿಗೆ ಹಾರ್ಬರ್ ಏಕೆ?

ಹಾಗೆ ಕೇಳಿ ನಗುವವರಿದ್ದಾರೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಅದೂ ಬರುತ್ತದೆ. ಕನ್ನಡದಲ್ಲಿ ‘ಬಂದರು’ ಎಂಬ ಒಂದೇ ಪದ ಇರುವುದರಿಂದ ಇಲ್ಲಿ ಗೊಂದಲ ಹೆಚ್ಚು. ಹಾರ್ಬರ್ ಎಂದರೆ ಅಲೆಯ ಹೊಡೆತವಿಲ್ಲದೆ ಹಡಗು ನಿಲ್ಲುವ ಜಾಗ. ಅದಕ್ಕೆ ಸರಕು ಇಳಿಸುವ, ಏರಿಸುವ, ಸಾಗಿಸುವ ವ್ಯವಸ್ಥೆ ಸೇರಿದರೆ ಪೋರ್ಟ್. ಕಾರವಾರದಲ್ಲಿ ಗುಡ್ಡ, ದ್ವೀಪಗಳೇ ಆಸರೆ, ಅದು ಸಹಜ ಹಾರ್ಬರ್. ಮಂಗಳೂರಿನ ಪಣಂಬೂರಿನದು ನೆಲ ಅಗೆದು ಮಾಡಿದ ಕೃತಕ ಹಾರ್ಬರ್. 1974ರಲ್ಲಿ ಪ್ರಮುಖ ಬಂದರು ಎಂದು ಘೋಷಣೆಯಾಯಿತು. ಅಲೆ ತಡೆಯಲು ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಗೋಡೆ ಬ್ರೇಕ್‌ವಾಟರ್, ಹಡಗು ಬಂದು ನಿಲ್ಲುವ ಕಟ್ಟೆ ಬರ್ತ್, ನೀರಿನೊಳಗೆ ಮುಳುಗಿರುವ ಹಡಗಿನ ಆಳ ಡ್ರಾಫ್ಟ್. ಡ್ರೆಜಿಂಗ್ ಎಂದರೆ ನಮ್ಮ ಕೆರೆಗಳಲ್ಲಿ ನೋಡಿದ ಹೂಳೆತ್ತುವ ಕೆಲಸವೇ. ಪದ ಹೊಸದು, ಕೆಲಸ ಹಳೆಯದು.

ಮೂರು ಸಾಲಿನ ನೋಟ್ಸ್

ಪ್ರತಿ ಪದಕ್ಕೂ ಮೂರು ಸಾಲು ಬರೆದಿಡಿ: ಅದು ಏನು, ಎಲ್ಲಿ ನೋಡಿದೆ, ಅದಿಲ್ಲದಿದ್ದರೆ ಏನಾಗುತ್ತದೆ. ಮೊದಲನೆಯದು ಪುಸ್ತಕದಲ್ಲಿ ಸಿಗುತ್ತದೆ. ಉಳಿದೆರಡಕ್ಕೆ ರಸ್ತೆಗೆ ಇಳಿಯಬೇಕು. ಸಂದರ್ಶನದಲ್ಲಿ ಕೇಳುವುದು ಹೆಚ್ಚಾಗಿ ಮೂರನೆಯದನ್ನೇ. ನಾಳೆ ಸೈಟಿನಲ್ಲಿ ನಿಂತು ಅಳತೆ ಪುಸ್ತಕಕ್ಕೆ ಸಹಿ ಹಾಕುವವರು ನಾವೇ. ಅಂದು ಕ್ಯಾಂಬರ್ ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಬಾಯಿಪಾಠವಲ್ಲ, ನಮ್ಮ ಕಣ್ಣು.