ಜಲಬಾಧೆಯ ನರಮಾರ್ಗ

ಮೂತ್ರವೆಂಬ ಶಬ್ದವನ್ನು ನಾಲಿಗೆಗೆ ತರಲು ಹಿಂಜರಿದ ನಮ್ಮ ಹಿರಿಯರು ಜಲಬಾಧೆ ಎಂದರು. ಶಾಲೆಯ ಮಕ್ಕಳು ಮಾತನ್ನೇ ಬಿಟ್ಟು ಕಿರುಬೆರಳನ್ನು ಎತ್ತಿದರು. ಹೃದಯವನ್ನು ಕುರಿತು ಕವಿಗಳು ಬರೆದುದಕ್ಕೆ ಲೆಕ್ಕವಿಲ್ಲ. ಮೂತ್ರಾಶಯದ ಪಾಲಿಗೆ ಬಂದದ್ದು ಸಂಕೋಚವೊಂದೇ. ಆದರೆ ಇವೆರಡರಲ್ಲಿ ಹೆಚ್ಚು ಕುತೂಹಲಕರವಾದದ್ದು ಮೂತ್ರಾಶಯವೆಂದೇ ನನ್ನ ಅಭಿಪ್ರಾಯ. ಹೃದಯ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಮೂತ್ರಾಶಯವಾದರೋ ತಾನಾಗಿ ನಡೆಯುವ ಅಂಗವೂ ಹೌದು, ನಮ್ಮ ಮಾತನ್ನು ಕೇಳುವ ಅಂಗವೂ ಹೌದು.

ಮೂತ್ರಪಿಂಡಗಳಿಂದ ನಿಮಿಷಕ್ಕೆ ಸುಮಾರು 1 ಮಿಲಿಲೀಟರಿನಂತೆ ಮೂತ್ರವು ಇಳಿದು ಬರುತ್ತಲೇ ಇರುತ್ತದೆ. ಚೀಲ ತುಂಬಿದಷ್ಟೂ ಒಳಗಿನ ಒತ್ತಡ ಏರಬೇಕಷ್ಟೆ? ಇಲ್ಲಿ ಹಾಗಾಗುವುದಿಲ್ಲ. ಸ್ನಾಯುವಿನ ಗೋಡೆ ಸಡಿಲಗೊಂಡು ಜಾಗ ಕೊಡುತ್ತ ಹೋಗುತ್ತದೆ. 150ರಿಂದ 200 ಮಿಲಿಲೀಟರು ಸೇರಿದಾಗ ನಮಗೆ ಮೊದಲ ಸೂಚನೆ ಸಿಗುತ್ತದೆ; 400, 500 ಆದಾಗ ಸೂಚನೆ ಹೋಗಿ ಒತ್ತಾಯ ಬರುತ್ತದೆ. ಗೋಡೆ ಹಿಗ್ಗಿದ್ದನ್ನು ಗುರುತಿಸಿ ಸುದ್ದಿ ಮುಟ್ಟಿಸುವುದರಲ್ಲಿ ಪೀಜೋ-2 ಎಂಬ ಪ್ರೋಟೀನಿನ ಪಾತ್ರವಿದೆಯೆಂದು 2020ರಲ್ಲಿ ತಿಳಿದುಬಂತು. ಹುಟ್ಟಿನಿಂದಲೇ ಅದು ಕೆಲಸ ಮಾಡದ ಕೆಲವರಿದ್ದಾರೆ. ಅವರಿಗೆ ಈ ಸೂಚನೆ ಸರಿಯಾಗಿ ತಲುಪದು. ಗಡಿಯಾರ ನೋಡಿ ಎದ್ದು ಹೋಗಬೇಕು.

ಇಡೀ ದಿನದಲ್ಲಿ ಮೂತ್ರಾಶಯ ಖಾಲಿಯಾಗಲು ತೆಗೆದುಕೊಳ್ಳುವ ಕಾಲ ಕೆಲವೇ ನಿಮಿಷಗಳು. ಉಳಿದ ಹೊತ್ತೆಲ್ಲ ಅದರ ಕಸುಬು ಹಿಡಿದಿಟ್ಟುಕೊಳ್ಳುವುದು. ಇದಕ್ಕಾಗಿ ಮೂರು ಬಗೆಯ ನರಗಳು ದುಡಿಯುತ್ತವೆ. ಬೆನ್ನುಹುರಿಯ ನಡುಭಾಗದಿಂದ ಹೊರಡುವ ಒಂದು ಬಗೆ ಗೋಡೆಯನ್ನು ಸಡಿಲಗೊಳಿಸಿ ಒಳಬಾಗಿಲನ್ನು ಮುಚ್ಚುತ್ತದೆ. ಹುರಿಯ ತುದಿಯಿಂದ ಹೊರಡುವ ಎರಡನೆಯದು ಗೋಡೆಯನ್ನು ಹಿಂಡಿ ಹೊರದೂಡುತ್ತದೆ. ಅದೇ ತುದಿಯಿಂದಲೇ ಬರುವ ಮೂರನೆಯದು ಹೊರಬಾಗಿಲಿನ ಬಿಗಿಸ್ನಾಯುವಿಗೆ ಹೋಗುತ್ತದೆ. ಬಸ್ಸು ಮುಂದಿನ ಊರನ್ನು ಮುಟ್ಟುವ ತನಕ ಹಲ್ಲು ಕಚ್ಚಿ ಕುಳಿತ ಪ್ರಯಾಣಿಕನನ್ನು ಕಾಪಾಡುವುದು ಈ ಮೂರನೆಯದು. ಮೂರರಲ್ಲಿ ನಮ್ಮ ಇಚ್ಛೆಗೆ ನೇರವಾಗಿ ಒಳಪಟ್ಟದ್ದೂ ಇದೊಂದೇ.

ಗೋಡೆ ಹಿಂಡುವ ಗಳಿಗೆಯಲ್ಲಿಯೇ ಬಾಗಿಲು ತೆರೆಯಬೇಕು. ಈ ಹೊಂದಾಣಿಕೆಯ ಕೇಂದ್ರ ಬೆನ್ನುಹುರಿಯಲ್ಲಿಲ್ಲ. ಮೆದುಳಿನ ಬುಡದಲ್ಲಿ, ಪಾನ್ಸ್ ಎಂಬ ಭಾಗದಲ್ಲಿದೆ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಸೇತುವೆ ಎಂದು ಅರ್ಥ. ಲಂಡನ್ನಿನ ಬ್ಯಾರಿಂಗ್ಟನ್ ಎಂಬ ಶಸ್ತ್ರವೈದ್ಯ 1920ರ ದಶಕದಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಇದನ್ನು ಕಂಡುಹಿಡಿದ. ಈ ಕೇಂದ್ರಕ್ಕೂ ಮೇಲೆ, ಹಣೆಯ ಹಿಂದಿರುವ ಮೆದುಳಿನಲ್ಲಿ, ಅನುಮತಿ ಕೊಡುವ ಅಧಿಕಾರವಿದೆ. ಹಸುಗೂಸಿಗೆ ಈ ಅಂಕೆ ಇನ್ನೂ ಬಂದಿರುವುದಿಲ್ಲ. ಎರಡರಿಂದ ನಾಲ್ಕು ವರ್ಷಗಳ ನಡುವೆ ಬರುತ್ತದೆ. ರಾತ್ರಿಯ ಅಂಕೆ ಕೆಲವು ಮಕ್ಕಳಲ್ಲಿ ಇನ್ನೂ ತಡ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಬಂದ ಅಂಕೆ ಕಳೆದುಹೋಗುವುದೂ ಉಂಟು. ಹಣೆಯ ಹಿಂದಿನ ಮೆದುಳಿಗೆ ಪೆಟ್ಟು ಬಿದ್ದ, ಗಡ್ಡೆ ಬೆಳೆದ ರೋಗಿಗಳನ್ನು ಆಂಡ್ರೂ ಮತ್ತು ನೇಥನ್ ಎಂಬ ವೈದ್ಯರು 1964ರಲ್ಲಿ ವರ್ಣಿಸಿದ್ದಾರೆ. ಅವರಲ್ಲಿ ಹಲವರ ಬುದ್ಧಿ ನೆಟ್ಟಗಿತ್ತು, ನಾಚಿಕೆಯೂ ಉಳಿದಿತ್ತು. ತಡೆಯುವ ಶಕ್ತಿಯೊಂದೇ ಹೋಗಿತ್ತು. ವಯಸ್ಸಾದವರ ಬಟ್ಟೆ ಒದ್ದೆಯಾದರೆ ಅಲಕ್ಷ್ಯವೆಂದೋ ಹಟವೆಂದೋ ಬಗೆಯುವ ಮನೆಯವರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಇನ್ನು, ಮೆದುಳಿಗೂ ಮೂತ್ರಾಶಯಕ್ಕೂ ನಡುವಿನ ದಾರಿಯೇ ಕಡಿದುಹೋದರೆ? ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಿಕೆ, ತೆಂಗಿನ ಮರಗಳಿಂದ ಬಿದ್ದು ಬೆನ್ನುಹುರಿ ಜಜ್ಜಿಹೋದವರಿದ್ದಾರೆ. ಅಂಥವರನ್ನು ನಾನು ಕಂಡಿದ್ದೇನೆ. ಕಾಲಿಗೆ ಮತ್ತೆ ಬಲ ಬರುವುದೇ ಎಂದು ಎಲ್ಲರೂ ಕೇಳುತ್ತಾರೆ. ಮೂತ್ರದ ಮಾತನ್ನು ಎತ್ತುವುದಿಲ್ಲ; ಸದ್ದಿಲ್ಲದೆ ನೀರು ಕುಡಿಯುವುದನ್ನು ಕಡಮೆ ಮಾಡುತ್ತಾರೆ. ಪೆಟ್ಟು ಬಿದ್ದ ಮೊದಲ ವಾರಗಳಲ್ಲಿ ಮೂತ್ರಾಶಯ ಮರಗಟ್ಟಿ, ತುಂಬಿ ತುಳುಕುತ್ತದೆ. ಆಮೇಲೆ ಬೆನ್ನುಹುರಿಯ ತುದಿ ತಾನೇ ಕಾರುಬಾರು ಹೊರುತ್ತದೆ. ಪಾನ್ಸಿನ ಹೊಂದಾಣಿಕೆಯಾದರೋ ತಪ್ಪಿರುತ್ತದೆ. ಗೋಡೆ ಹಿಂಡುವಾಗ ಬಾಗಿಲೂ ಬಿಗಿಯುತ್ತದೆ. ಒತ್ತಡ ಮೇಲಕ್ಕೆ ತಿರುಗಿ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಎಷ್ಟೋ ಮಂದಿಯನ್ನು ಕೊಂದದ್ದು ಗುಂಡಲ್ಲ, ಆನಂತರ ಮೂತ್ರಮಾರ್ಗಕ್ಕೆ ತಗುಲಿದ ಸೋಂಕು.

ಇದಕ್ಕೆ ದೊರೆತ ಪರಿಹಾರ ಸರಳವಾದದ್ದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೀಸ್ 1972ರಲ್ಲಿ, ರೋಗಿಯೇ ತೆಳ್ಳನೆಯ ಕ್ಯಾತಿಟರ್ ನಳಿಗೆಯನ್ನು ದಿನಕ್ಕೆ ಹಲವು ಬಾರಿ ತೂರಿಸಿ ಮೂತ್ರಾಶಯವನ್ನು ಖಾಲಿ ಮಾಡಿಕೊಳ್ಳಲಿ ಎಂದ. ನಳಿಗೆ ಕ್ರಿಮಿರಹಿತವಾಗಿರಲೇಬೇಕೆಂದಿಲ್ಲ, ಶುಚಿಯಾಗಿದ್ದರೆ ಸಾಕು ಎಂದೂ ಹೇಳಿದ. ಆಗಿನ ವೈದ್ಯಲೋಕ ಹುಬ್ಬೇರಿಸಿತು. ಅವನ ವಾದ ಹೀಗಿತ್ತು: ಸೋಂಕಿಗೆ ಮುಖ್ಯ ಕಾರಣ ಹೊರಗಿನ ಕ್ರಿಮಿಯಲ್ಲ, ಮಿತಿಮೀರಿ ಹಿಗ್ಗಿದ ಗೋಡೆಯಲ್ಲಿ ರಕ್ತಸಂಚಾರ ಕುಗ್ಗುತ್ತದೆ, ಅಂಥ ಗೋಡೆ ಕ್ರಿಮಿಯನ್ನು ಎದುರಿಸಲಾರದು. ವೇಳೆಗೆ ಸರಿಯಾಗಿ ಖಾಲಿ ಮಾಡಿದರೆ ಶರೀರವೇ ಉಳಿದುದನ್ನು ನೋಡಿಕೊಳ್ಳುತ್ತದೆ. ಅನುಭವ ಅವನ ಪರವಾಗಿಯೇ ನಿಂತಿತು.

ಈ ಕ್ರಮವನ್ನು ಮನೆಯಲ್ಲಿ ನಡೆಸಲು ಬೇಕಾದದ್ದು ನಳಿಗೆ, ಸೋಪು, ನೀರು, ಮತ್ತು ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಹೆಂಗಸರಿಗೆ ಮೊದಮೊದಲು ಸಣ್ಣ ಕನ್ನಡಿಯೊಂದು ನೆರವಾಗುತ್ತದೆ. ಕಲಿಸುವ ಕೆಲಸವನ್ನು ಒಳ್ಳೆಯ ದಾದಿಯೊಬ್ಬಳು ಕೆಲವೇ ದಿನಗಳಲ್ಲಿ ಮುಗಿಸಬಲ್ಲಳು. ಬೆರಳುಗಳಲ್ಲಿ ಬಲವಿದ್ದವರು ತಾವೇ ಮಾಡಿಕೊಳ್ಳುತ್ತಾರೆ. ಇಲ್ಲದವರಿಗಾಗಿ ಮನೆಯವರಲ್ಲಿ ಒಬ್ಬರು ಕಲಿಯಬೇಕಾಗುತ್ತದೆ.